ಹಾರ್ಡ್ ಡಿಸ್ಕ್ ಹಳದಿ ತೋರಿಸುತ್ತಿದೆ, ಮುಂಬಯಿಯ ಲ್ಯಾಮಿಂಗ್ಟನ್ ರೋಡಲ್ಲಿ ಯಾವುದು ತಗೊಳ್ಳಲಿ?

ಡೊಂಬಿವಲಿ ಶೆಟ್ಟಿ
ನಮಸ್ಕಾರ. ನಮ್ಮ ಸಂಘದ ಯಕ್ಷಗಾನ, ತಾಳಮದ್ದಳೆ ರೆಕಾರ್ಡಿಂಗ್ ಎಲ್ಲ ನನ್ನ ಹತ್ತಿರ ಇದೆ. ಹಳೇ ಕ್ಯಾಸೆಟ್‌ನಿಂದ ಇಳಿಸಿದ್ದೂ ಇದೆ. ಅದರಲ್ಲಿ ಹಾಡಿದ ಕೆಲವು ಭಾಗವತರು ಈಗ ಇಲ್ಲ. ಸುಮಾರು 3 ಟಿಬಿ, ಒಂದೇ ಡಿಸ್ಕಿನಲ್ಲಿ. ಈಚೆಗೆ ಕೆಲವು ಫೈಲ್ ತೆರೆದರೆ ಕಂಪ್ಯೂಟರ್ ಸುಮ್ನೆ ನಿಂತುಬಿಡುತ್ತದೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ಹಳದಿ ಬಣ್ಣ, 'ಕಾಶನ್' (ಎಚ್ಚರಿಕೆ). ಸಿ5 ಸಾಲಿನ ಕೊನೆಗೆ 18, 05ರಲ್ಲಿ ಸೊನ್ನೆ. ಶನಿವಾರ ಲ್ಯಾಮಿಂಗ್ಟನ್ ರೋಡಿಗೆ ಹೋಗುತ್ತೇನೆ. ಯಾವ ಕಂಪನಿಯದ್ದು ಜಾಸ್ತಿ ಬಾಳಿಕೆ ಬರುತ್ತದೆ? ಅಷ್ಟರೊಳಗೆ ವಿಂಡೋಸ್‌ನಲ್ಲೇ ಇರುವ, ಡಿಸ್ಕಿನ ದೋಷ ತಿದ್ದುವ ಚೆಕ್‌ಡಿಸ್ಕ್ ಓಡಿಸಿ ಸರಿಮಾಡಬಹುದಾ?

ಕೋಥ್ರೂಡ್ ಕುಲಕರ್ಣಿ, ಪುಣೆ
ಶೆಟ್ರೇ, ದಯವಿಟ್ಟು ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಸೋತ ಡಿಸ್ಕನ್ನು ಮೂಲೆ ಮೂಲೆ ತಡಕಾಡಿಸುತ್ತದೆ, ಫೈಲ್ ಪಟ್ಟಿಯನ್ನೂ ತಿದ್ದುತ್ತದೆ. ಮೊದಲು ಕಾಪಿ. ಉಳಿದದ್ದೆಲ್ಲ ಆಮೇಲೆ.

ಸಿ5 ಅಂದ್ರೆ ಓದಲು ಆಗದೆ ಡಿಸ್ಕ್ ಗುರುತು ಹಾಕಿಟ್ಟಿರುವ ಸೆಕ್ಟರ್‌ಗಳು, ಅಂದರೆ ಡಿಸ್ಕಿನ ಚಿಕ್ಕ ಚಿಕ್ಕ ತುಣುಕುಗಳು. ಆ ತಂತ್ರಾಂಶ ಅಂಕಿಗಳನ್ನು ಹೆಕ್ಸ್‌ನಲ್ಲಿ (ಹತ್ತರ ಬದಲು ಹದಿನಾರರ ಲೆಕ್ಕ) ತೋರಿಸುತ್ತದೆ, ನೀವೇ ಬದಲಾಯಿಸದಿದ್ದರೆ. ಹಾಗಾಗಿ ನಿಮ್ಮ 18 ನಿಜಕ್ಕೂ 24. 05 ಅಂದ್ರೆ ಬದಲಿ ಜಾಗ ಕೊಟ್ಟಾದ ಸೆಕ್ಟರ್‌ಗಳ ಲೆಕ್ಕ, ಅದು ಸೊನ್ನೆ ಇದೆ ಅಂತ ನೆಮ್ಮದಿ ಬೇಡ. ಆ ಸೆಕ್ಟರ್‌ಗಳಿಗೆ ಬದಲಿ ಜಾಗ ಇನ್ನೂ ಕೊಟ್ಟಿಲ್ಲ, ಅಷ್ಟೇ. ಸಿ7 (ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ) ಏರುತ್ತಿದ್ದರೆ ಕೇಬಲ್ ಮೇಲೆ ಅನುಮಾನ ಪಡಬಹುದಿತ್ತು. ಇದು ಡಿಸ್ಕಿನದ್ದೇ ತೊಂದರೆ.

ಈಗ ಕಂಪ್ಯೂಟರ್ ಆಫ್ ಮಾಡಿ. ಹೊಸ ಡಿಸ್ಕ್ ಬಂದ ಮೇಲೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಹಾಕಿ, ಕೆಡುತ್ತಿರುವ ಡಿಸ್ಕಿನಿಂದ ಕಾಪಿ ತೆಗೆಯುವ ಡಿಡಿರೆಸ್ಕ್ಯೂ ತಂತ್ರಾಂಶ ಓಡಿಸಿ. ಚೆನ್ನಾಗಿ ಓದಲು ಬರುವುದನ್ನು ಅದು ಮೊದಲು ಎತ್ತಿಕೊಳ್ಳುತ್ತದೆ, ಕೆಟ್ಟ ಜಾಗಕ್ಕೆ ಕೊನೆಗೆ ಕೈ ಹಾಕುತ್ತದೆ. ಎಲ್ಲಿವರೆಗೆ ಓದಿದೆ ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಡಲು ಮರೆಯಬೇಡಿ. ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ.

ಕಂಪನಿ ಯಾವುದು ಅಂತ ಕೇಳಿದಿರಿ. ಈಗ ಉಳಿದಿರುವುದೇ ಮೂರು: ಸೀಗೇಟ್, ಡಬ್ಲ್ಯುಡಿ, ತೋಷಿಬಾ. ಸಾವಿರಾರು ಡಿಸ್ಕ್ ಬಳಸುವ ಬ್ಯಾಕಪ್ ಕಂಪನಿ ಬ್ಯಾಕ್‌ಬ್ಲೇಜ್, ಯಾವ ಡಿಸ್ಕ್ ಎಷ್ಟು ಕೆಡುತ್ತದೆ ಅಂತ 2013ರಿಂದ ಇಟ್ಟ ಲೆಕ್ಕ ಎಲ್ಲರೂ ನೋಡಬಹುದು. ಸೀಗೇಟ್‌ನ ಒಂದು 3 ಟಿಬಿ ಮಾಡೆಲ್ ಅಲ್ಲಿ ಸಾಲುಸಾಲಾಗಿ ಕೆಟ್ಟಿತು, ಅದೇ ಕಂಪನಿಯ 4 ಟಿಬಿ ಚೆನ್ನಾಗಿ ಬಾಳಿತು. ಹೆಸರು ನೋಡಿ ನಂಬುವಂತಿಲ್ಲ. ಎರಡು ಡಿಸ್ಕ್ ತಗೊಳ್ಳಿ, ಬೇರೆ ಬೇರೆ ಕಂಪನಿಯದ್ದು. ಒಂದು ನಿಮ್ಮ ಮನೆಯಲ್ಲಿ ಇರಲಿ, ಇನ್ನೊಂದು ಸಂಘದ ಬೇರೆ ಯಾರ ಮನೆಯಲ್ಲಾದರೂ. ಹೋದ ಭಾಗವತರ ದನಿ ಒಂದೇ ಡಬ್ಬಿಯಲ್ಲಿ ಇರಬಾರದು.

ಮಾಟುಂಗಾ ರಾವ್
ಕುಲಕರ್ಣಿಯವರ ಮಾತಿಗೆ ಇನ್ನಷ್ಟು. ಅಂಗಡಿಯಲ್ಲಿ ಎಸ್‌ಎಂಆರ್ ಅಥವಾ ಸಿಎಂಆರ್ ಅಂತ ಕೇಳಿ, ಡಿಸ್ಕಿನಲ್ಲಿ ಬರೆಯುವ ಎರಡು ಬಗೆ ಇವು. ಎಸ್‌ಎಂಆರ್‌ನಲ್ಲಿ ಟ್ರ್ಯಾಕ್‌ಗಳು (ಡೇಟಾ ಬರೆಯುವ ಗೆರೆಗಳು) ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಒಂದನ್ನು ಬದಲಿಸಲು ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಒಮ್ಮೆ ತುಂಬಿಸಿ ಇಡಲು ಪರವಾಗಿಲ್ಲ, ಆದರೆ ಇಷ್ಟೊಂದು ಒಟ್ಟಿಗೆ ಬರೆಯುವಾಗ ತೀರಾ ನಿಧಾನ ಆಗಬಹುದು. ಸಿಎಂಆರ್‌ನಲ್ಲಿ ಟ್ರ್ಯಾಕ್‌ಗಳು ಹಾಗೆ ಒಂದರ ಮೇಲೊಂದು ಇರುವುದಿಲ್ಲ. ಡಬ್ಲ್ಯುಡಿ ರೆಡ್ ಪ್ಲಸ್, ಸೀಗೇಟ್ ಐರನ್‌ವುಲ್ಫ್ ಸಿಎಂಆರ್.

ಅಗ್ಗ ಅಂತ ಬಿಲ್ ಇಲ್ಲದ್ದು ಬೇಡ. ದುಡ್ಡು ಕೊಡುವ ಮುಂಚೆಯೇ ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಿ. ಮನೆಗೆ ಬಂದ ಕೂಡಲೇ ಪವರ್ ಆನ್ ಅವರ್ಸ್ (ಡಿಸ್ಕ್ ಒಟ್ಟು ಎಷ್ಟು ಗಂಟೆ ಓಡಿದೆ) ನೋಡಿ. ಬಳಸಿದ ಡಿಸ್ಕಿನಲ್ಲಿ ಅದನ್ನೂ ಸೊನ್ನೆ ಮಾಡಿ ಹೊಸದು ಅಂತ ಮಾರುವವರಿದ್ದಾರೆ, 2025ರಲ್ಲಿ ಜರ್ಮನಿಯಲ್ಲಿ ಅಂಥ ಡಿಸ್ಕ್‌ಗಳು ಸಿಕ್ಕಿಬಿದ್ದವು. ಸೀಗೇಟ್ ಆದರೆ ಫಾರ್ಮ್ ಲಾಗ್‌ನಲ್ಲಿ (ಡಿಸ್ಕ್ ತಾನೇ ಇಡುವ ಇನ್ನೊಂದು ದಾಖಲೆ) ನಿಜವಾದ ಗಂಟೆ ಹೆಚ್ಚಾಗಿ ಸಿಗುತ್ತದೆ.

ಡೊಂಬಿವಲಿ ಶೆಟ್ಟಿ
ಆಫ್ ಮಾಡಿದೆ. ಶನಿವಾರದವರೆಗೆ ಕಾಯುವುದಿಲ್ಲ, ನಾಳೆಯೇ ಹೋಗುತ್ತೇನೆ. ರಾಯರೇ, ಹಳೇ ಡಿಸ್ಕ್ 4 ಟಿಬಿ. ಡಿಡಿರೆಸ್ಕ್ಯೂಗೆ ಅಷ್ಟೇ ಅಳತೆಯದ್ದು ಸಾಕಾ?

ಮಾಟುಂಗಾ ರಾವ್
ಡಿಸ್ಕ್‌ನಿಂದ ಡಿಸ್ಕ್‌ಗೆ ನೇರ ಇಳಿಸುವುದಾದರೆ 4 ಸಾಕು. ಇಡೀ ಡಿಸ್ಕಿನ ನಕಲನ್ನು ಒಂದೇ ಇಮೇಜ್ ಫೈಲ್ ಮಾಡಿ ಇಡುವುದಾದರೆ 6 ತಗೊಳ್ಳಿ.