ಸಹಾಯ ಬೇಕು: ಕೆಲಸದ ದುಡ್ಡು ಯುಎಸ್‌ಡಿಟಿಯಲ್ಲಿ ಬಂದರೆ ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆಯಿಂದಲೇ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಹೊರದೇಶದ ಗಿರಾಕಿಯೊಬ್ಬರು ಇನ್ನು ಮುಂದೆ ಬ್ಯಾಂಕ್ ಬೇಡ, ಯುಎಸ್‌ಡಿಟಿ (ಒಂದಕ್ಕೆ ಸುಮಾರು ಒಂದು ಡಾಲರ್ ಬೆಲೆಯ ಕ್ರಿಪ್ಟೋ ನಾಣ್ಯ) ಕಳಿಸುತ್ತೇನೆ ಅನ್ನುತ್ತಿದ್ದಾರೆ. ಖರ್ಚು ಕಮ್ಮಿಯಂತೆ.

ಆದರೆ ಇದನ್ನು ಕಳಿಸುವ ನೆಟ್‌ವರ್ಕ್‌ಗಳಲ್ಲಿ ಒಂದಾದ ಇಥೀರಿಯಂನಲ್ಲಿ ರಶ್ ಇದ್ದಾಗ ಶುಲ್ಕ ಏರುತ್ತದೆ. 50 ಡಾಲರ್ ಕಳಿಸಿದರೂ 5,000 ಕಳಿಸಿದರೂ ಶುಲ್ಕ ಹೆಚ್ಚುಕಮ್ಮಿ ಅಷ್ಟೇ. ಸಣ್ಣ ಬಿಲ್ಲಿನವರಿಗೇ ಪೆಟ್ಟು. ಇನ್ನೊಂದು ನೆಟ್‌ವರ್ಕ್ ಟ್ರಾನ್‌ನಲ್ಲಾದರೆ ಮುಂದೆ ಕಳಿಸಲು ಸಾಮಾನ್ಯವಾಗಿ ಶುಲ್ಕಕ್ಕೆಂದು ಅದರದೇ ನಾಣ್ಯ ಟಿಆರ್‌ಎಕ್ಸ್ ಬೇರೆ ಇಟ್ಟುಕೊಂಡಿರಬೇಕು. ನೀವು ಯಾವ ನೆಟ್‌ವರ್ಕ್ ಬಳಸುತ್ತೀರಿ?

ನನಗೆ ಜಾಸ್ತಿ ಚಿಂತೆ ಗುಟ್ಟಿನದು. ಒಮ್ಮೆ ವ್ಯಾಲೆಟ್ ವಿಳಾಸ (ಕ್ರಿಪ್ಟೋ ಖಾತೆಯ ನಂಬರ್ ಇದ್ದ ಹಾಗೆ) ಕೊಟ್ಟರೆ ಅದಕ್ಕೆ ಬಂದದ್ದು, ಹೋದದ್ದು, ಉಳಿದದ್ದು ಎಲ್ಲವನ್ನೂ ಯಾರು ಬೇಕಾದರೂ ನೋಡಬಹುದು. ಪಾಸ್‌ಬುಕ್ಕನ್ನು ಸೊಸೈಟಿ ನೋಟಿಸ್ ಬೋರ್ಡಿಗೆ ಅಂಟಿಸಿದ ಹಾಗೆ, ಅಲ್ವಾ? ಒಬ್ಬ ಗಿರಾಕಿಗೆ ಇನ್ನೊಬ್ಬರ ರೇಟ್ ಗೊತ್ತಾದರೆ ಚೌಕಾಸಿ ಶುರು. ಗಿರಾಕಿಗೊಂದು ವಿಳಾಸ ಮಾಡಬಹುದು, ಸರಿ. ಆಮೇಲೆ ಎಲ್ಲವನ್ನೂ ಒಂದೇ ಕಡೆ ಸೇರಿಸಿದರೆ ಮತ್ತೆ ಕೊಂಡಿ ಸಿಕ್ಕಿಬಿಡುತ್ತದೆ. ಇದಕ್ಕೆ ಏನು ಮಾಡುತ್ತೀರಿ?

ಇಲ್ಲಿ ಭಾಜಿಯವರಿಗೂ ಯುಪಿಐ ಸಾಕು, ಹಾಗಾಗಿ ರೂಪಾಯಿ ಮಾಡಲೇಬೇಕು. ಲಾಭಕ್ಕೆ 30% ತೆರಿಗೆ, ಮಾರುವಾಗ 1% ಟಿಡಿಎಸ್ ಇರುವುದು ಗೊತ್ತು. ಪಿ2ಪಿಯಲ್ಲಿ, ಅಂದರೆ ನೇರವಾಗಿ ಇನ್ನೊಬ್ಬ ವ್ಯಕ್ತಿಗೆ ಮಾರಿ, ಕೊಂಡವರ ದುಡ್ಡು ವಂಚನೆಯದಾಗಿದ್ದರೆ ನಮ್ಮ ಖಾತೆಯೇ ಫ್ರೀಜ್ ಆಗಬಹುದು. ಅದಕ್ಕೇ ಆ ದಾರಿ ಬೇಡ.

ಠಾಣೆ, ಕಲ್ಯಾಣ್ ಕಡೆ ಇದನ್ನು ಬಲ್ಲ, ಕನ್ನಡ ಮಾತಾಡುವ ಸಿಎ ಇದ್ದರೆ ದಯವಿಟ್ಟು ತಿಳಿಸಿ. ವ್ಯಾಲೆಟ್ ಸೆಟಪ್ ಮಾಡಿಕೊಡುತ್ತೇವೆ ಅನ್ನುವವರು ಸುಮ್ನೆ ಇನ್‌ಬಾಕ್ಸಿಗೆ ಬರಬೇಡಿ. ಸೀಡ್ ಫ್ರೇಸ್ (ವ್ಯಾಲೆಟ್ ತೆರೆಯುವ ಗುಟ್ಟಿನ ಪದಗಳು) ಯಾರಿಗೂ ಕೊಡುವುದಿಲ್ಲ.