ಐರ್ಲೆಂಡಿನಿಂದ ಕೈದಿಯಾಗಿ ಬಂದ ಅಜ್ಜಿಯ ಊರು ಪತ್ತೆ ಮಾಡುವುದು ಹೇಗೆ?

ಮೆಲ್ಬರ್ನ್_ಸೊಸೆ:
ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು, ಮದುವೆಯಾಗಿ ಮೆಲ್ಬರ್ನ್‌ನಲ್ಲಿದ್ದೇನೆ, ಗಂಡ ಇಲ್ಲಿಯವರೇ. ನಮ್ಮ ಅತ್ತೆಯವರ ಮುತ್ತಜ್ಜಿಯ ತಾಯಿ ಐರ್ಲೆಂಡಿನಿಂದ ಕೈದಿಯಾಗಿ ಹಡಗು ಹತ್ತಿ ಬಂದವರು. ಹೆಸರು ಬ್ರಿಜೆಟ್, ಸರ್‌ನೇಮ್ ಇಲ್ಲಿ ಹಾಕುವುದಿಲ್ಲ. ಬಟ್ಟೆ ಕದ್ದದ್ದಕ್ಕೆ ಏಳು ವರ್ಷ ಗಡಿಪಾರು, 1840ರ ದಶಕದ ಕೊನೆಗೆ ಟಾಸ್ಮೇನಿಯಾದ ಹೋಬಾರ್ಟ್‌ಗೆ ಬಂದದ್ದು, ಅಲ್ಲೇ ಮದುವೆ, ಆಮೇಲೆ ವಿಕ್ಟೋರಿಯಾಗೆ (ಮೆಲ್ಬರ್ನ್ ಇರುವ ರಾಜ್ಯ) ದಾಟಿದ್ದು, ಇಷ್ಟು ಮನೆಯಲ್ಲಿ ಗೊತ್ತು. ಐರ್ಲೆಂಡಿನಲ್ಲಿ ಯಾವ ಊರು, ಅಪ್ಪ ಅಮ್ಮ ಯಾರು ಅಂತ ತಿಳಿಯಬೇಕು ಅನ್ನುವುದು ಅತ್ತೆಯವರ ಆಸೆ. ದುಡ್ಡು ಕಟ್ಟುವ ಒಂದು ವೆಬ್‌ಸೈಟಿನಲ್ಲಿ ಹುಡುಕಿದರೆ ಅದೇ ಹೆಸರಿನವರು ರಾಶಿ ರಾಶಿ. ಯಾರೋ ಹಾಕಿರುವ ವಂಶವೃಕ್ಷದಲ್ಲಿ ಇವರಿಗೆ ಐರ್ಲೆಂಡಿನ ಕಾರ್ಕ್‌ನ ಅಪ್ಪ ಅಮ್ಮನನ್ನು ಅಂಟಿಸಿದ್ದಾರೆ, ಆಧಾರ ಮಾತ್ರ ಏನೂ ಕೊಟ್ಟಿಲ್ಲ. ಐರ್ಲೆಂಡಿನ ದಾಖಲೆಗಳೆಲ್ಲ ಸುಟ್ಟುಹೋಗಿವೆ ಅಂತಲೂ ಓದಿದೆ. ಎಲ್ಲಿಂದ ಶುರು ಮಾಡಲಿ?

ಹಳೇ_ಕಾಗದ:
ಮೇಡಂ, ಆ ವಂಶವೃಕ್ಷ ಪಕ್ಕಕ್ಕಿಡಿ. ಐರ್ಲೆಂಡನ್ನೂ ಸದ್ಯಕ್ಕೆ ಮರೆತುಬಿಡಿ. ಕೈದಿಯಾಗಿ ಬಂದದ್ದೇ ನಿಮ್ಮ ಅದೃಷ್ಟ. ಆ ಕಾಲದಲ್ಲಿ ಐರ್ಲೆಂಡಿನ ಬಡ ಹೆಣ್ಣುಮಗಳ ಬಗ್ಗೆ ಯಾರೂ ನಾಲ್ಕು ಸಾಲು ಬರೆದಿಡುತ್ತಿರಲಿಲ್ಲ. ಕೈದಿಯಾದರೆ ಸರ್ಕಾರವೇ ಎತ್ತರ, ಕಣ್ಣಿನ ಬಣ್ಣ, ಮುಖದ ಮೇಲಿನ ಮಚ್ಚೆ, ಓದು ಬರುತ್ತದೋ ಇಲ್ಲವೋ ಎಲ್ಲ ಬರೆದಿಡುತ್ತಿತ್ತು. ಟಾಸ್ಮೇನಿಯಾದ (ಆಗ ವ್ಯಾನ್ ಡೀಮನ್ಸ್ ಲ್ಯಾಂಡ್) ಈ ದಾಖಲೆಗಳು ಲೈಬ್ರರೀಸ್ ಟಾಸ್ಮೇನಿಯಾದ ಸೈಟಿನಲ್ಲಿವೆ, ಮೂಲ ಪುಟಗಳ ಚಿತ್ರ ಸಮೇತ, ಪುಕ್ಕಟೆ. ಟಾಸ್ಮೇನಿಯನ್ ನೇಮ್ಸ್ ಇಂಡೆಕ್ಸ್‌ನಲ್ಲಿ ಹೆಸರು ಕೊಟ್ಟು ಹಡಗಿನ ಹೆಸರು ನೋಡಿಕೊಳ್ಳಿ. ಒಂದೇ ಹೆಸರಿನವರನ್ನು ಬೇರೆ ಮಾಡುವುದು ಹಡಗಿನ ಹೆಸರಿನಿಂದಲೇ, ಸರ್ಕಾರ ಕೂಡ ಹಾಗೇ ಮಾಡುತ್ತಿತ್ತು.

ಅಲ್ಲಿ ಎರಡು ಕಾಗದ ಮುಖ್ಯ. ಒಂದು ಕಂಡಕ್ಟ್ ರೆಕಾರ್ಡ್. ಅದರಲ್ಲಿ ಯಾವ ಅಪರಾಧ, ಎಲ್ಲಿ ವಿಚಾರಣೆ, ಇಲ್ಲಿಗೆ ಬಂದ ಮೇಲೆ ಏನೇನು ತಪ್ಪು ಮಾಡಿದರು, ಯಾವಾಗ ಬಿಡುಗಡೆ ಎಲ್ಲ ಇರುತ್ತದೆ. ಕುಡಿದದ್ದು, ಯಜಮಾನಿಗೆ ಎದುರು ಮಾತಾಡಿದ್ದು, ರಾತ್ರಿ ಹೊರಗೆ ಉಳಿದದ್ದು, ಇಂಥದ್ದಕ್ಕೆಲ್ಲ ಹೋಬಾರ್ಟ್‌ನ ಕ್ಯಾಸ್ಕೇಡ್ಸ್ ಫೀಮೇಲ್ ಫ್ಯಾಕ್ಟರಿಗೆ ಹಾಕುತ್ತಿದ್ದರು. (ಹೆಸರು ಫ್ಯಾಕ್ಟರಿ, ನಿಜಕ್ಕೂ ಜೈಲು.) ಕೈಬರಹ ನೋಡಿ ಹೆದರಬೇಡಿ, ಗುಮಾಸ್ತರು ಅರ್ಧ ಪದ ಬರೆದು ಬಿಡುತ್ತಿದ್ದರು, ನಾಲ್ಕು ಪುಟ ನೋಡಿದರೆ ಅಭ್ಯಾಸವಾಗುತ್ತದೆ. ಇನ್ನೊಂದು ಇಂಡೆಂಟ್, ಅಂದರೆ ಹಡಗಿನಲ್ಲಿ ಬಂದ ಕೈದಿಗಳ ವಿವರದ ಪಟ್ಟಿ. ನಿಮಗೆ ಬೇಕಾದದ್ದು ಇದರಲ್ಲೇ ಇರುವುದು ಜಾಸ್ತಿ. 1840ರ ದಶಕದ ಹೆಂಗಸರ ಇಂಡೆಂಟ್‌ಗಳಲ್ಲಿ ಹುಟ್ಟಿದ ಸ್ಥಳದ ಜೊತೆಗೆ ಊರಲ್ಲಿ ಉಳಿದ ಅಪ್ಪ, ಅಮ್ಮ, ಅಣ್ಣತಮ್ಮಂದಿರ ಹೆಸರನ್ನೂ ಎಷ್ಟೋ ಸಲ ಬರೆದಿರುತ್ತಾರೆ. ನಮ್ಮ ಹಳ್ಳಿಗೆ ಹೆಳವರು ಬಂದು ವಂಶ ಹೇಳಿದ ಹಾಗೆ ಸಾಲಾಗಿ ಹೆಸರು ಬರುತ್ತವೆ.

ವಿಚಾರಣೆ ನಡೆದ ಕೌಂಟಿ (ನಮ್ಮ ಜಿಲ್ಲೆಯಂತೆ) ಬೇರೆ, ಹುಟ್ಟಿದ ಕೌಂಟಿ ಬೇರೆ ಇರಬಹುದು, ಗಮನವಿಡಿ. ಬರಗಾಲದ ವರ್ಷಗಳಲ್ಲಿ ಜನ ಹೊಟ್ಟೆಪಾಡಿಗೆ ಎಲ್ಲೆಲ್ಲೋ ಅಲೆಯುತ್ತಿದ್ದರು.

ಸುಮ್ನೆ_ಕೇಳ್ದೆ:
ಬೇಜಾರು ಮಾಡ್ಕೋಬೇಡಿ ಮೇಡಂ, ಕಳ್ಳತನ ಮಾಡಿದವರ ಇತಿಹಾಸ ಕೆದಕಿ ಏನು ಸಿಗುತ್ತದೆ? ನಮ್ಮ ಮನೆಗಳಲ್ಲಾದರೆ ಇಂಥ ಹೆಸರು ಎತ್ತುವುದೇ ಇಲ್ಲ.

ಮೆಲ್ಬರ್ನ್_ಸೊಸೆ:
ಬೇಜಾರೇನಿಲ್ಲ ಸರ್. ಇಲ್ಲೂ ಮೊದಲು ಹಾಗೇ ಇತ್ತು, ಅತ್ತೆಯವರ ಅಮ್ಮ ಸಾಯುವವರೆಗೂ ಈ ವಿಷಯ ಬಾಯಿ ಬಿಟ್ಟಿರಲಿಲ್ಲವಂತೆ. ಈಗ ಕಾಲ ಬದಲಾಗಿದೆ, ಮನೆತನದಲ್ಲಿ ಒಬ್ಬ ಕೈದಿ ಇದ್ದರೆ ಜನ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.

ಹಳೇ_ಕಾಗದ:
ಸುಮ್ನೆ_ಕೇಳ್ದೆ ಅವರೇ, ಕದ್ದದ್ದು ಏನು ಅಂತ ನೋಡಿ. ಒಂದು ಹೊದಿಕೆ, ಒಂದು ಕುರಿ, ಒಂದಿಷ್ಟು ಆಲೂಗಡ್ಡೆ. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಹತ್ತು ಲಕ್ಷದಷ್ಟು ಜನ ಹಸಿವು, ಜ್ವರದಿಂದ ಸತ್ತ ದೇಶ ಅದು. ಗಡಿಪಾರಾದರೆ ಊಟವಾದರೂ ಸಿಗುತ್ತದೆ ಅಂತ ಬೇಕಂತಲೇ ಬೆಂಕಿ ಹಚ್ಚಿ ಸಿಕ್ಕಿಬಿದ್ದ ಹೆಂಗಸರೂ ಇದ್ದರು. ಸಮುದ್ರವೂ ಸುಲಭದ್ದಲ್ಲ. 1835ರಲ್ಲಿ ಕಾರ್ಕ್‌ನಿಂದ ಹೊರಟ ನೀವಾ ಅನ್ನುವ ಹಡಗು ಕಿಂಗ್ ಐಲೆಂಡ್ ಹತ್ತಿರ ಬಂಡೆಗೆ ಬಡಿದು, ಅದರಲ್ಲಿದ್ದ ಇನ್ನೂರಕ್ಕೂ ಹೆಚ್ಚು ಜನರಲ್ಲಿ ಕೊನೆಗೆ ಉಳಿದವರು 15 ಮಂದಿ.

ಡಬ್ಲಿನ್_ಬಸು:
ನಾನು ಡಬ್ಲಿನ್‌ನಲ್ಲಿದ್ದೇನೆ ಅಕ್ಕ, ಈ ಕಡೆಯದು ಹೇಳುತ್ತೇನೆ. ಎಲ್ಲ ಸುಟ್ಟುಹೋಗಿದೆ ಅನ್ನುವುದು ಪೂರ್ತಿ ನಿಜವಲ್ಲ. 1922ರಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ (ದಾಖಲೆ ಕಚೇರಿಯೂ ಇದ್ದ ನ್ಯಾಯಾಲಯದ ಕಟ್ಟಡ) ಹತ್ತಿ ಉರಿದಾಗ 1836ಕ್ಕೆ ಮುಂಚಿನ ಗಡಿಪಾರು ರಿಜಿಸ್ಟರ್‌ಗಳು ಹೋದವು, 1821ರಿಂದ 1851ರವರೆಗಿನ ಜನಗಣತಿಯೂ ಹೆಚ್ಚುಕಮ್ಮಿ ಎಲ್ಲ ಹೋಯಿತು. ನಿಮ್ಮ ಅಜ್ಜಿ 1836ರ ನಂತರದವರು, ಬಚಾವ್. ಇಲ್ಲಿನ ನ್ಯಾಷನಲ್ ಆರ್ಕೈವ್ಸ್‌ನವರ ಗಡಿಪಾರು ಡೇಟಾಬೇಸ್ ಆನ್‌ಲೈನ್ ಇದೆ, 1988ರಲ್ಲಿ ಆಸ್ಟ್ರೇಲಿಯಾದ ಇನ್ನೂರನೇ ವರ್ಷಕ್ಕೆ ಐರ್ಲೆಂಡ್ ಉಡುಗೊರೆ ಕೊಟ್ಟದ್ದು. ಅದರಲ್ಲಿ ಕನ್ವಿಕ್ಟ್ ರೆಫರೆನ್ಸ್ ಫೈಲ್ ಅಂತ ಕಂಡರೆ ಬಿಡಬೇಡಿ. ಶಿಕ್ಷೆ ಕಡಿಮೆ ಮಾಡಿ ಅಂತ ಮನೆಯವರು ಕೊಟ್ಟ ಅರ್ಜಿಗಳು ಅಲ್ಲಿರುತ್ತವೆ, ಕೆಳಗೆ ಊರಿನ ಪಾದ್ರಿಯ ಸಹಿ ಇದ್ದರೆ ಯಾವ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರುಗಳು) ಅಂತ ಸಿಕ್ಕಿದಂತೆಯೇ. ಹಡಗು ಹತ್ತಿಸುವ ಮುಂಚೆ ಹೆಂಗಸರನ್ನು ಡಬ್ಲಿನ್‌ನ ಗ್ರೇಂಜ್‌ಗೋರ್ಮನ್ ಜೈಲಿನಲ್ಲಿ ಇಡುತ್ತಿದ್ದರು, ಆ ಜೈಲಿನ ರಿಜಿಸ್ಟರ್‌ಗಳೂ ಇವೆ.

ಹೆಸರನ್ನು ಹಟ ಹಿಡಿದು ಒಂದೇ ಥರ ಹುಡುಕಬೇಡಿ. ಬ್ರಿಜೆಟ್ ಅಂದರೆ ಬಿಡ್ಡಿ, ಬ್ರೈಡ್, ಬಿಡೀಲಿಯಾ ಏನಾದರೂ ಆಗಬಹುದು. ಸರ್‌ನೇಮಿನ ಮುಂದಿನ ಓ, ಮ್ಯಾಕ್ ಅನ್ನು ಒಂದು ಕಡೆ ಬರೆದರೆ ಇನ್ನೊಂದು ಕಡೆ ಬಿಟ್ಟಿರುತ್ತಾರೆ.

ಮೆಲ್ಬರ್ನ್_ಸೊಸೆ:
ಇಂಡೆಂಟ್ ಸಿಕ್ಕಿತು! ಹಳೇ_ಕಾಗದ ಸರ್‌ಗೆ ದೊಡ್ಡ ನಮಸ್ಕಾರ. ಹುಟ್ಟಿದ್ದು ಗಾಲ್ವೇ, ವಿಚಾರಣೆ ಲಿಮರಿಕ್‌ನಲ್ಲಿ. ತಾಯಿ ಮೇರಿ, ಅಣ್ಣತಮ್ಮಂದಿರು ಪ್ಯಾಟ್ ಮತ್ತು ಮೈಕಲ್, ಅಪ್ಪನ ಹೆಸರಿಲ್ಲ, ತೀರಿಕೊಂಡಿದ್ದರೇನೋ. ಅಂದರೆ ಆ ಕಾರ್ಕ್ ಸಂಸಾರ ನಮ್ಮದಲ್ಲ, ಅಲ್ವಾ? ಆದರೆ ಗಾಲ್ವೇ ಅಂತ ಮಾತ್ರ ಇದೆ, ಹಳ್ಳಿ ಇಲ್ಲ. ಮುಂದೆ ಏನು? ಡಿಎನ್‌ಎ ಮಾಡಿಸಬೇಕಾ? ಗಂಡ ರೆಡಿ ಇದ್ದಾರೆ.

ಹಳೇ_ಕಾಗದ:
ಡಿಎನ್‌ಎ ಮಾಡಿಸುವುದಾದರೆ ಅತ್ತೆಯವರದ್ದು ಮಾಡಿಸಿ. ಅವರು ಒಂದು ತಲೆಮಾರು ಹತ್ತಿರ, ನಿಮ್ಮ ಯಜಮಾನರಿಗೆ ಅದರಲ್ಲಿ ಅರ್ಧ ಮಾತ್ರ ಬಂದಿರುತ್ತದೆ. ಅದಕ್ಕಿಂತ ಮೊದಲು ಬ್ರಿಜೆಟ್ ಅವರ ಮರಣಪತ್ರ ತರಿಸಿ. ವಿಕ್ಟೋರಿಯಾದಲ್ಲಿ 1853ರಿಂದ ನೋಂದಣಿ ಇದೆ, ಅಲ್ಲಿನ ಮರಣಪತ್ರದಲ್ಲಿ ಅಪ್ಪ ಅಮ್ಮನ ಹೆಸರು, ಹುಟ್ಟಿದ ಊರು, ಮಕ್ಕಳ ಹೆಸರು ಎಲ್ಲ ಕೇಳುತ್ತಿದ್ದರು. ಮಾಹಿತಿ ಕೊಟ್ಟವರು ಯಾರು ಅಂತ ನೋಡಿ, ಮಗಳಾದರೆ ನಂಬಬಹುದು, ಪಕ್ಕದ ಮನೆಯವರಾದರೆ ಅಷ್ಟಕ್ಕಷ್ಟೇ. ಟಾಸ್ಮೇನಿಯಾದಲ್ಲಿದ್ದ ವರ್ಷಗಳನ್ನು ನುಂಗಿಬಿಟ್ಟಿದ್ದರೂ ಆಶ್ಚರ್ಯವಿಲ್ಲ. ಮದುವೆಗೆ ಸರ್ಕಾರದ ಅನುಮತಿ ಕೇಳಿದ ದಾಖಲೆಯೂ ಹೋಬಾರ್ಟ್‌ನಲ್ಲಿ ಸಿಗಬೇಕು, ಗಂಡನ ಹೆಸರು ಹೊಂದಿದರೆ ಹೋಬಾರ್ಟ್‌ನ ಕೈದಿ ಬ್ರಿಜೆಟ್, ವಿಕ್ಟೋರಿಯಾದಲ್ಲಿ ತೀರಿಕೊಂಡ ಬ್ರಿಜೆಟ್ ಇಬ್ಬರೂ ಒಬ್ಬರೇ ಅಂತ ಖಾತ್ರಿಯಾಗುತ್ತದೆ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ 1848ರಿಂದ 1850ರವರೆಗೆ ಐರ್ಲೆಂಡಿನ ವರ್ಕ್‌ಹೌಸ್‌ಗಳಿಂದ (ಬಡವರನ್ನು ಇಡುತ್ತಿದ್ದ ಸರ್ಕಾರಿ ಆಶ್ರಯಗಳು) 4,000ಕ್ಕೂ ಹೆಚ್ಚು ಅನಾಥ ಹುಡುಗಿಯರು ಆಸ್ಟ್ರೇಲಿಯಾಕ್ಕೆ ಬಂದರು, ಮೆಲ್ಬರ್ನ್‌ಗೂ ಬಂದರು. ಅವರು ಕೈದಿಗಳಲ್ಲ. ಅವರಲ್ಲೂ ಬ್ರಿಜೆಟ್‌ಗಳಿಗೆ ಬರವಿಲ್ಲ.

ಡಬ್ಲಿನ್_ಬಸು:
ಅಕ್ಕ, ಗಾಲ್ವೇ ಅಂದರೆ ಪಟ್ಟಣವೂ ಹೌದು, ಕೌಂಟಿಯೂ ಹೌದು. ಐರ್ಲೆಂಡಿನಲ್ಲಿ ಟೌನ್‌ಲ್ಯಾಂಡ್‌ಗಳೇ (ಹಳ್ಳಿಯಂಥ ಚಿಕ್ಕ ಪ್ರದೇಶಗಳು) 60,000ಕ್ಕೂ ಹೆಚ್ಚು, ಆದ್ದರಿಂದ ಪ್ಯಾರಿಷ್ ಹೆಸರು ಸಿಗುವವರೆಗೆ ಜ್ಞಾನಸ್ನಾನ, ಮದುವೆ ಬರೆದಿಟ್ಟ ಚರ್ಚ್ ಪುಸ್ತಕ ತೆರೆಯಬೇಡಿ. ಸಿಕ್ಕ ಮೇಲೆ ನ್ಯಾಷನಲ್ ಲೈಬ್ರರಿಯ ಕ್ಯಾಥೊಲಿಕ್ ರಿಜಿಸ್ಟರ್‌ಗಳು 2015ರಿಂದ ಪುಕ್ಕಟೆ ಆನ್‌ಲೈನ್ ಇವೆ. ಪಶ್ಚಿಮದ ಕಡೆ ಎಷ್ಟೋ ಪ್ಯಾರಿಷ್‌ಗಳಲ್ಲಿ ಪುಸ್ತಕ ಶುರುವಾಗಿದ್ದೇ ತಡ, ಬ್ರಿಜೆಟ್ ಅವರ ಜ್ಞಾನಸ್ನಾನ ಸಿಗದಿದ್ದರೆ ತಮ್ಮಂದಿರದ್ದು ನೋಡಿ. ಪ್ಯಾಟ್, ಮೈಕಲ್ ಊರಲ್ಲೇ ಉಳಿದು ಒಕ್ಕಲುತನ ಮಾಡಿದ್ದರೆ ಗ್ರಿಫಿತ್ ವ್ಯಾಲ್ಯುಯೇಶನ್ ಅನ್ನುವ ಆ ಕಾಲದ ಆಸ್ತಿ ಮೌಲ್ಯದ ಪಟ್ಟಿಯಲ್ಲಿ ಬರಬಹುದು, ಅದರಲ್ಲಿ ಮನೆ ಜಮೀನು ಹಿಡಿದವರ ಹೆಸರೆಲ್ಲ ಇದೆ, ಗಾಲ್ವೇಯಲ್ಲಿ ಆ ಸರ್‌ನೇಮ್ ಯಾವ ಪ್ಯಾರಿಷ್‌ಗಳಲ್ಲಿ ಗುಂಪಾಗಿದೆ ಅಂತಲೂ ಗೊತ್ತಾಗುತ್ತದೆ. ಸರ್‌ನೇಮ್ ಮೆಸೇಜ್‌ನಲ್ಲಿ ಕಳಿಸಿ, ಶನಿವಾರ ಬಿಡುವಿದೆ, ನೋಡಿ ಹೇಳುತ್ತೇನೆ.