1973ರ ಮಾರ್ಟಿನ್ ಡಿ-28: ಹೇಳುತ್ತಿರುವ ಬೆಲೆಗೆ ತೂಗುತ್ತದೆಯೇ?

ಮಂದ್ರತಂತಿ:
ಬಳಸಿದ ಮಾರ್ಟಿನ್ ಡಿ-28 ಅಕೂಸ್ಟಿಕ್ ಗಿಟಾರ್ ಒಂದು ಮಾರಾಟಕ್ಕಿದೆ. ಸೌಂಡ್‌ಹೋಲ್ ಒಳಗೆ ನೆಕ್ ಬ್ಲಾಕ್ (ಗಿಟಾರ್‌ನ ಕುತ್ತಿಗೆ, ಅಂದರೆ ನೆಕ್ ಕೂಡುವ ಮರದ ತುಂಡು) ಮೇಲೆ ಮಾಡೆಲ್ ಹೆಸರು, ಅದರ ಕೆಳಗೆ 325ರಿಂದ ಶುರುವಾಗುವ ಆರಂಕಿಯ ಸೀರಿಯಲ್ ನಂಬರ್. ಮಾರುವವರು "ವಿಂಟೇಜ್, ಬ್ರೆಜಿಲಿಯನ್ ರೋಸ್‌ವುಡ್" ಎಂದು ಹೇಳಿ ಅದಕ್ಕೆ ತಕ್ಕ ಬೆಲೆ ಕೇಳುತ್ತಿದ್ದಾರೆ. 12ನೇ ಫ್ರೆಟ್‌ನಲ್ಲಿ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಆರನೇ ತಂತಿ 3.5 ಮಿ.ಮೀ. ಎತ್ತರ ಇದೆ. ಟ್ರಸ್ ರಾಡ್ (ನೆಕ್ ಬಾಗು ತಿದ್ದಲು ಒಳಗಿರುವ ಲೋಹದ ಸರಳು) ಸ್ವಲ್ಪ ತಿರುಗಿಸಿದರೆ ಸರಿಹೋಗುತ್ತದಂತೆ. ಪಿಕ್‌ಗಾರ್ಡ್ (ಗೀರು ಬೀಳದಂತೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ) ಅಂಚಿಗೆ ಕೂದಲೆಳೆಯಂಥ ಬಿರುಕೂ ಇದೆ. ಏನೇನು ನೋಡಬೇಕು, ಯಾವುದಕ್ಕೆ ಎಷ್ಟು ಇಳಿಸಿ ಕೇಳಬೇಕು?

ಬೀಟೆಬೆನ್ನು:
ಬ್ರೆಜಿಲಿಯನ್ ಮರ, ಟ್ರಸ್ ರಾಡ್: ಮಾರುವವರ ಎರಡೂ ಮಾತು ನಿಲ್ಲುವುದಿಲ್ಲ. ಮಾರ್ಟಿನ್ ಸೀರಿಯಲ್ ನಂಬರ್ 1898ರಲ್ಲಿ 8000ದಿಂದ ಶುರುವಾಗಿ ಓಡುತ್ತಲೇ ಇದೆ. 1972ರ ಕೊನೆಯ ನಂಬರ್ 313302, 1973ರದ್ದು 333873. ಹಾಗಾಗಿ ನಿಮ್ಮದು 1973ರದ್ದು. ಡಿ-28ರ ಬೆನ್ನು, ಬದಿಗಳಿಗೆ ಬ್ರೆಜಿಲಿಯನ್ ರೋಸ್‌ವುಡ್ ಹಾಕುವುದು 1969ರ ಕೊನೆಗೇ ನಿಂತಿತ್ತು. ಬ್ರೆಜಿಲ್ ದಿಮ್ಮಿ ರಫ್ತಿಗೆ ತಡೆ ಹಾಕಿದ ಮೇಲೆ ಬಂದದ್ದು ಇಂಡಿಯನ್ ರೋಸ್‌ವುಡ್, ಅಂದರೆ ನಮ್ಮ ಬೀಟೆ. ಮರ ಕೆಟ್ಟದ್ದೇನಲ್ಲ, ಆದರೆ ಮಾರುಕಟ್ಟೆಯಲ್ಲಿ ಬೆಲೆಯ ದೊಡ್ಡ ಮೆಟ್ಟಿಲು ಇರುವುದು ಅಲ್ಲೇ. 1968ರದ್ದಕ್ಕೂ 1973ರದ್ದಕ್ಕೂ ಒಂದೇ ತಕ್ಕಡಿ ಹಿಡಿಯುವಂತಿಲ್ಲ.

ಇನ್ನು ಟ್ರಸ್ ರಾಡ್. ಈ ಗಿಟಾರ್‌ನಲ್ಲಿ ತಿರುಗಿಸುವ ರಾಡೇ ಇಲ್ಲ! 1934ರಿಂದ ಟಿ ಆಕಾರದ ಉಕ್ಕಿನ ಪಟ್ಟಿ, 1967ರಿಂದ ಚೌಕ ಕೊಳವೆ. ತಿರುಗಿಸಬಹುದಾದ ರಾಡ್ ಬಂದದ್ದು 1985ರಲ್ಲಿ. ಮಾರುವವರಿಗೆ ಇದು ಗೊತ್ತಿಲ್ಲವೆಂದರೆ ಉಳಿದ ವಿವರಗಳನ್ನೂ ನೀವೇ ಅಳೆದು ನೋಡಿ.

ಹಿಮ್ಮಡಿಮೂಲೆ:
ತೆಗೆದುಕೊಂಡು ಹೋಗಬೇಕಾದ್ದು: ನೇರ ಉಕ್ಕಿನ ಪಟ್ಟಿ, ಅರ್ಧ ಮಿ.ಮೀ. ಗುರುತಿರುವ ಸ್ಕೇಲ್, ಸಣ್ಣ ಕನ್ನಡಿ, ಎಲ್‌ಇಡಿ ದೀಪ, ಟ್ಯೂನರ್. ಮರುಬಣ್ಣ ಬಳಿದಿದೆಯೇ ನೋಡಲು ಅಲ್ಟ್ರಾವಯಲೆಟ್ ಟಾರ್ಚ್ ಸಿಕ್ಕರೆ ಅದೂ ಇರಲಿ. ಗಿಟಾರ್ ಸರಿಯಾದ ಶ್ರುತಿಯಲ್ಲಿರಬೇಕು. ತಂತಿ ಸಡಿಲವಿದ್ದಾಗ ಅಳೆದ ಲೆಕ್ಕಕ್ಕೆ ಅರ್ಥವಿಲ್ಲ.

ಮೊದಲು ನೆಕ್ ಕೋನ. ಪಟ್ಟಿಯನ್ನು ತಂತಿಗಳ ನಡುವೆ ಫ್ರೆಟ್‌ಗಳ ಮೇಲೆ ಉದ್ದಕ್ಕಿಟ್ಟು ಬ್ರಿಜ್‌ವರೆಗೆ (ತಂತಿಗಳ ಕೊನೆ ಹಿಡಿದಿಡುವ ಮರದ ತುಂಡು) ಸರಿಸಿ. ತುದಿ ಬ್ರಿಜ್‌ನ ಮೇಲ್ಮೈಗೆ ಸವರಿಕೊಂಡು ನಿಂತರೆ ಕೋನ ಚೆನ್ನಾಗಿದೆ. ಬ್ರಿಜ್‌ನ ಮುಖಕ್ಕೆ ಡಿಕ್ಕಿ ಹೊಡೆದರೆ ನೆಕ್ ಮುಂದಕ್ಕೆ ಬಾಗಿದೆ, ರೀಸೆಟ್ (ನೆಕ್ ಕಳಚಿ ಕೋನ ತಿದ್ದಿ ಮತ್ತೆ ಅಂಟಿಸುವುದು) ಬೇಕು. ಜೊತೆಗೆ ತಂತಿಗಳು ಕೂರುವ ಸಣ್ಣ ಪಟ್ಟಿ, ಸ್ಯಾಡಲ್, ಬ್ರಿಜ್‌ನಿಂದ ಎಷ್ಟು ಮೇಲೆ ಕಾಣುತ್ತದೆ ನೋಡಿ, ಸುಮಾರು 3 ಮಿ.ಮೀ. ಇದ್ದರೆ ಒಳ್ಳೆಯದು. ಬ್ರಿಜ್ ದಪ್ಪವನ್ನೂ ಬಿಡಬೇಡಿ: 8–9 ಮಿ.ಮೀ. ಇರಬೇಕಾದ್ದು 6ಕ್ಕೆ ಇಳಿದಿದ್ದರೆ ರೀಸೆಟ್ ಖರ್ಚು ತಪ್ಪಿಸಲು ಯಾರೋ ಬ್ರಿಜ್ಜನ್ನೇ ಕೆತ್ತಿದ್ದಾರೆ. ಆಗ ಹೊಸ ಬ್ರಿಜ್ಜೂ ಲೆಕ್ಕಕ್ಕೆ ಸೇರುತ್ತದೆ.

ಎರಡನೆಯದು ಎಪ್ಪತ್ತರ ದಶಕದ ಮಾರ್ಟಿನ್‌ಗಳ ಹುಟ್ಟುದೋಷ. ಎಷ್ಟೋ ಗಿಟಾರ್‌ಗಳಲ್ಲಿ ಬ್ರಿಜ್ಜನ್ನು ಕಾರ್ಖಾನೆಯಲ್ಲೇ ನಟ್ (ನೆಕ್‌ನ ತಲೆಯ ಬಳಿ ತಂತಿ ಕೂರುವ ಪಟ್ಟಿ) ಕಡೆಗೆ ಸ್ವಲ್ಪ ಸರಿಸಿ ಅಂಟಿಸಿದ್ದಾರೆ. ಡಿ-28ರ ಸ್ಕೇಲ್, ಅಂದರೆ ತಂತಿಯ ಲೆಕ್ಕದ ಉದ್ದ, 25.4 ಇಂಚು, ಅಂದರೆ 645.2 ಮಿ.ಮೀ. ನಟ್‌ನಿಂದ 12ನೇ ಫ್ರೆಟ್‌ಗೆ 322.6 ಬರಬೇಕು. ತಂತಿ ಒತ್ತಿದಾಗ ಸ್ವರ ಏರುವುದನ್ನು ಸರಿದೂಗಿಸಲು ಅಲ್ಲಿಂದ ಸ್ಯಾಡಲ್‌ಗೆ ಮೊದಲ ತಂತಿಯ ಕೆಳಗೆ ಸುಮಾರು 325, ಆರನೆಯದರ ಕೆಳಗೆ ಅದಕ್ಕಿಂತ 2–3 ಮಿ.ಮೀ. ಹೆಚ್ಚು ಬೇಕು. 2 ಮಿ.ಮೀ. ಕಡಿಮೆಯಾದರೂ 12ನೇ ಫ್ರೆಟ್ ಒತ್ತಿದ ಸ್ವರ ಸುಮಾರು 5 ಸೆಂಟ್ (ಒಂದು ಅರ್ಧಸ್ವರಕ್ಕೆ 100 ಸೆಂಟ್) ಏರುತ್ತದೆ. ಕಿವಿ ಸೂಕ್ಷ್ಮವಿದ್ದವರಿಗೆ ಸಾಕು. ಇದನ್ನು ಟ್ಯೂನರ್‌ನಲ್ಲಿ ನೋಡುವುದಾದರೆ ಹೊಸ ತಂತಿ ಹಾಕಿ, ಅದೇ ಜಾಗದಲ್ಲಿ ತಂತಿಯನ್ನು ಒತ್ತದೆ ಬರೀ ಮುಟ್ಟಿ ನುಡಿಸಿದ ಸ್ವರದ (ಹಾರ್ಮಾನಿಕ್) ಜೊತೆ ಹೋಲಿಸಿ. ತುಕ್ಕು ಹಿಡಿದ ತಂತಿ ತಾನೇ ಸುಳ್ಳು ಹೇಳುತ್ತದೆ.

ಬಿರುಕಿಗೆ ಹೆದರಬೇಡಿ. ಆ ಕಾಲದಲ್ಲಿ ಪಿಕ್‌ಗಾರ್ಡನ್ನು ಬರೀ ಮರಕ್ಕೆ ಅಂಟಿಸಿ ಆಮೇಲೆ ಲ್ಯಾಕರ್ ಹೊಡೆಯುತ್ತಿದ್ದರು. ಪ್ಲಾಸ್ಟಿಕ್ ವರ್ಷಗಳಲ್ಲಿ ಕುಗ್ಗುತ್ತದೆ, ಅಂಟು ಬಿಡುವುದಿಲ್ಲ, ಮೇಲ್ಹಲಗೆಯ ಸ್ಪ್ರೂಸ್ ಮರ ಸೀಳುತ್ತದೆ. ಪಿಕ್‌ಗಾರ್ಡ್ ಎಬ್ಬಿಸಿ, ಬಿರುಕಿಗೆ ಅಂಟು ತುಂಬಿ, ಒಳಗಿಂದ ಸಣ್ಣ ಮರದ ತುಂಡು ಕೊಟ್ಟು, ಕೆಳಗಿನ ಬರೀ ಮರಕ್ಕೆ ಲ್ಯಾಕರ್ ಹಚ್ಚಿ ಮತ್ತೆ ಕೂರಿಸಿದರೆ ಮುಗಿಯಿತು. ಬೆಲೆಗೆ ಬೀಳುವ ಪೆಟ್ಟು ಸಣ್ಣದು.

ಮಂದ್ರತಂತಿ:
ಅಳೆದು ನೋಡಿದೆ. ಪಟ್ಟಿ ಬ್ರಿಜ್ ಮುಖಕ್ಕೆ, ಮೇಲಂಚಿಗಿಂತ ಸುಮಾರು 2 ಮಿ.ಮೀ. ಕೆಳಗೆ ತಾಗುತ್ತದೆ. ಸ್ಯಾಡಲ್ ಹೊರಗೆ ಕಾಣುವುದು 1.5 ಮಿ.ಮೀ. ಮಾತ್ರ. ಬ್ರಿಜ್ ದಪ್ಪ 8.5. 12ನೇ ಫ್ರೆಟ್‌ನಿಂದ ಸ್ಯಾಡಲ್‌ಗೆ ಮೊದಲ ತಂತಿಯ ಕೆಳಗೆ 323, ಆರನೆಯದರ ಕೆಳಗೆ 325. ಕನ್ನಡಿಯಲ್ಲಿ ಬ್ರಿಜ್ ಪ್ಲೇಟ್ (ಬ್ರಿಜ್ ಕೆಳಗೆ ಒಳಗಡೆ ಅಂಟಿಸಿದ ಮರದ ತಟ್ಟೆ) ನೋಡಿದರೆ ಅಗಲ ರೋಸ್‌ವುಡ್, ತಂತಿಯ ತೂತುಗಳು ದುಂಡಗೇ ಇವೆ. ಲ್ಯಾಕರ್ ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಎಲ್ಲೆಡೆ ಒಂದೇ ತೆರನಾದ ಹಸಿರು-ಹಳದಿ.

ಹಿಮ್ಮಡಿಮೂಲೆ:
ಹಾಗಾದರೆ ರೀಸೆಟ್ ಖಂಡಿತ. ಲೆಕ್ಕ ಹೀಗೆ: ತಂತಿಯ ಎತ್ತರ 3.5ನ್ನು ನುಡಿಸಲು ಹಿತವಾದ 2.4ಕ್ಕೆ ತರಲು 1.1 ಇಳಿಸಬೇಕು. 12ನೇ ಫ್ರೆಟ್ ತಂತಿಯ ನಡುಮಧ್ಯ, ಆದ್ದರಿಂದ ಸ್ಯಾಡಲ್‌ನಲ್ಲಿ ಅದರ ಎರಡು ಪಟ್ಟು, 2.2 ತೆಗೆಯಬೇಕು. ಇರುವುದೇ 1.5. ಸ್ಯಾಡಲ್ ಉಜ್ಜಿ ಗೆಲ್ಲುವ ದಾರಿ ಇಲ್ಲ.

ಕೆಲಸ ಏನೆಂದರೆ, 15ನೇ ಫ್ರೆಟ್ ಕಿತ್ತು, ಅದರ ಸಾಲಿನಲ್ಲಿ ತೂತು ಕೊರೆದು, ಡವ್‌ಟೇಲ್ (ಬೆಣೆಯಾಕಾರದ) ಜೋಡಣೆಗೆ ಹಬೆ ಬಿಟ್ಟು ನೆಕ್ ಕಳಚುತ್ತಾರೆ. ನೆಕ್‌ನ ಬುಡವನ್ನು, ಅಂದರೆ ಹಿಮ್ಮಡಿಯನ್ನು, ಇಷ್ಟಿಷ್ಟೇ ಸವರಿ ಕೋನ ತಿದ್ದಿ ಮತ್ತೆ ಅಂಟಿಸುತ್ತಾರೆ. ರಾಡ್ ಇಲ್ಲದ ನೆಕ್ ಆದ್ದರಿಂದ ಬಾಗನ್ನು ತಿದ್ದುವುದೂ ಫ್ರೆಟ್ ಕೆಲಸದಲ್ಲೇ. ಹೀಗಾಗಿ ರೀಸೆಟ್ ಜೊತೆ ರೀಫ್ರೆಟ್‌ಗೂ (ಹೊಸ ಫ್ರೆಟ್ ಹಾಕುವುದು) ಬೆಲೆ ಕೇಳಿ. ಸ್ಯಾಡಲ್ 2 ಮಿ.ಮೀ.ನಷ್ಟು ಮುಂದಿದೆ. ಸ್ಯಾಡಲ್ ಕೂರುವ ಹಳೆಯ ತೋಡಿಗೆ ಎಬೊನಿ ಮರ ತುಂಬಿ, ಹಿಂದಕ್ಕೆ ಹೊಸ ತೋಡು ಕೊರೆದರೆ ಸಾಕು, ಆದರೆ ತಂತಿ ಸಿಕ್ಕಿಸುವ ಪಿನ್ ತೂತಿಗೆ ಎಷ್ಟು ಹತ್ತಿರ ಬರುತ್ತದೆ ನೋಡಿಕೊಳ್ಳಬೇಕು. ಇವೆಲ್ಲ ಒಂದೇ ಸಲ ಮಾಡಿಸಿ.

ಬೀಟೆಬೆನ್ನು:
ಬೆಲೆ ಕಟ್ಟುವಾಗ ಜಾಹೀರಾತಿನ ಬೆಲೆ ನೋಡಬೇಡಿ, ಮಾರಾಟವಾಗಿ ಮುಗಿದ ಬೆಲೆ ನೋಡಿ. 1970ರಿಂದ 1975ರೊಳಗಿನ, ರೀಸೆಟ್ ಆಗಿರುವ ಡಿ-28ಗಳ ಮುಗಿದ ವ್ಯವಹಾರಗಳನ್ನು ಐದಾರು ಹುಡುಕಿ ನಡುವಿನದನ್ನು ಹಿಡಿಯಿರಿ. ಅದರಲ್ಲಿ ರಿಪೇರಿಯವರು ಬರೆದುಕೊಟ್ಟ ಅಂದಾಜು ಪೂರ್ತಿ ಕಳೆಯಿರಿ. ಮೂಲ ಲ್ಯಾಕರ್ ಉಳಿದಿರುವುದು ನಿಮ್ಮ ಪಾಲಿನ ಪುಣ್ಯ, ಮರುಬಣ್ಣ ಬಳಿದಿದ್ದರೆ ಹಳೆ ಗಿಟಾರ್ ಬೆಲೆ ಅರ್ಧಕ್ಕೆ ಕುಸಿಯುವುದು ರೂಢಿ. ಮೂಲ ಟ್ಯೂನರ್, ಮೂಲ ಕೇಸ್ ಇದ್ದರೆ ಸ್ವಲ್ಪ ಕೂಡಿಸಿ.

ಮೂರುಹೋಳು:
ಒಂದು ಎಚ್ಚರಿಕೆ. ಆ ರೋಸ್‌ವುಡ್ ಬ್ರಿಜ್ ಪ್ಲೇಟ್ ತೆಗೆದು ಸಣ್ಣ ಮೇಪಲ್ ಹಾಕಿಸಿದರೆ ಧ್ವನಿ ಬಿಚ್ಚುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಪ್ಲೇಟನ್ನು ಬಿಸಿ ಮಾಡಿ ಬಿಡಿಸಬೇಕು, ಬಿಸಿ ಕಡಿಮೆಯಾದ ಕಡೆ ಎಳೆದರೆ ಪ್ಲೇಟ್ ಜೊತೆ ಸ್ಪ್ರೂಸ್ ನಾರೂ ಕಿತ್ತುಬರುತ್ತದೆ. ನಿಮ್ಮದರಲ್ಲಿ ತೂತು ಸವೆದಿಲ್ಲ, ಕೈ ಹಾಕಬೇಡಿ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಿ-28ರ ಘರ್ಜನೆ ಬೇಕಿದ್ದರೆ ಅದು ಪ್ಲೇಟ್‌ನಿಂದ ಬರುವುದಿಲ್ಲ. ಅವುಗಳ ಬ್ರೇಸ್‌ಗಳನ್ನೇ (ಮೇಲ್ಹಲಗೆಗೆ ಒಳಗಿಂದ ಆಸರೆ ಕೊಡುವ ಪಟ್ಟಿಗಳು) ಕೆತ್ತಿ ಹಗುರ ಮಾಡುತ್ತಿದ್ದರು. 1944ರ ಕೊನೆಗೆ ಅದನ್ನು ನಿಲ್ಲಿಸಿದ ಕಂಪನಿ 1976ರಲ್ಲಿ ಎಚ್‌ಡಿ-28 ತಂದದ್ದೇ ಆ ಬೇಡಿಕೆಗೆ. ಅಂಥ ಧ್ವನಿಯೇ ಗುರಿಯಾಗಿದ್ದರೆ ಇದನ್ನು ಬಿಟ್ಟು ಒಂದು ಎಚ್‌ಡಿ-28 ನುಡಿಸಿ ನೋಡಿ.

ಮಂದ್ರತಂತಿ:
ನನಗೆ ಬೇಕಿರುವುದು ಹಾಡಿನ ಜೊತೆಗೆ ಒಣ, ಸಮತೂಕದ ಧ್ವನಿ, ಹಾಗಾಗಿ ಡಿ-28ರಲ್ಲೇ ಇರುತ್ತೇನೆ. ರೀಸೆಟ್, ರೀಫ್ರೆಟ್, ಸ್ಯಾಡಲ್ ತೋಡು, ಬಿರುಕು: ನಾಲ್ಕಕ್ಕೂ ಬರಹದಲ್ಲಿ ಅಂದಾಜು ತೆಗೆದುಕೊಂಡು ಅದನ್ನೇ ಮಾರುವವರ ಮುಂದಿಡುತ್ತೇನೆ.

ಬೀಟೆಬೆನ್ನು:
ಜೊತೆಗೆ ನೆಕ್ ಬ್ಲಾಕ್‌ನ ಫೋಟೋ ಕೂಡ ಇಡಿ. ಬ್ರೆಜಿಲಿಯನ್ ಎಂಬ ಮಾತು ಅಲ್ಲಿಗೇ ನಿಲ್ಲುತ್ತದೆ.